ಹುಳ ಬೀಳದ ಜೋಳ

"ಬೇ ಗದ್ದೆಮ್ಮ, ಮೂಗಿಗೆ ಸೆರಗು ಕಟಗೊಂಡ್ರ ವಾಸನಿ ಹೆಂಗ ತಿಳಿತೈತಿ? ಬಿಚ್ಚ, ಸೂಳಿಮಗಳ."

ಕಲ್ಲು ಸುಡುವ ಭಟ್ಟಿಯ ಮಾಲೀಕ ಕರಿಬಸಯ್ಯ ಹೊಗೆ ಬಾರದ ಕಡೆ ನಿಂತಿದ್ದ. ತನ್ನ ನಾಯಿಯನ್ನೂ ಅಲ್ಲೇ ಕಟ್ಟಿದ್ದ. ಗದ್ದೆಮ್ಮ ಸೆರಗು ಬಿಚ್ಚಿದಳು.

ಅದು ೧೯೮೭. ಮಸ್ಕಿ–ಲಿಂಗಸುಗೂರು ರಸ್ತೆಯಿಂದ ಒಳಗಡೆ, ಹಳೆಯ ಚಿನ್ನದ ಗಣಿಯ ಗುಂಡಿಗಳಿಂದ ತಂದ ಕಲ್ಲನ್ನು ಹೆಂಗಸರು ಒಡೆಯುತ್ತಿದ್ದರು. ಸುತ್ತಿಗೆ ಬಿದ್ದಾಗ ಬೆಳ್ಳುಳ್ಳಿ ವಾಸನೆ ಬಂದ ಚೂರು ಬುಟ್ಟಿಗೆ. ಅದನ್ನು ಸುಟ್ಟರೆ ಒಳಗಿನ ಚಿನ್ನ ಬಿಟ್ಟುಕೊಳ್ಳುತ್ತಿತ್ತು. ಚಿಮಣಿಗೆ ಹತ್ತಿದ ಬಿಳಿ ಬೂದಿಯನ್ನು ಕೆರೆದವರೇ ಒಯ್ಯಬಹುದೆಂದು ಧಣಿ ಹೇಳಿದ್ದ. ಕಾಳಿಗೆ ಬೂದಿ ಬೆರೆಸಿಡುವುದು ಊರಿನ ರೂಢಿ. ಎಲ್ಲರೂ ಒಯ್ದರು.

ಗದ್ದೆಮ್ಮನ ಮಗಳು ಆದೆಮ್ಮ ಲಿಂಗಸುಗೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಆ ದಿನ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಅದಿರಿನ ಲೆಕ್ಕ ಬರೆದರು. ಕಬ್ಬಿಣ ೫೬, ಆರ್ಸೆನಿಕ್ ೭೫, ಗಂಧಕ ೩೨; ಒಟ್ಟು ಮೋಲಾರ್ ರಾಶಿ ೧೬೩. ಅಂದರೆ ೧೬೩ ಗ್ರಾಂ ಅದಿರಿನಲ್ಲಿ ೭೫ ಗ್ರಾಂ ಆರ್ಸೆನಿಕ್. ಬಡಿದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಸುಟ್ಟರೆ ಬಿಳಿ ಪುಡಿಯಾಗಿ ಕೂರುತ್ತದೆ, ಅದೇ ಇಲಿ ಪಾಷಾಣ ಎಂದರು.

ಆದೆಮ್ಮ ಎದ್ದು ನಿಂತು, ಒಂದು ಬುಟ್ಟಿ ಕಲ್ಲಿನಲ್ಲಿ ಎಷ್ಟು ಬರುತ್ತದೆ ಎಂದು ಕೇಳಿದಳು.

"ಪರೀಕ್ಷೆಗೆ ಬುಟ್ಟಿ ಬರಂಗಿಲ್ಲವಾ, ಕುಂದ್ರು."

ಕ್ಲಾಸು ನಕ್ಕಿತು. ಅವಳೇ ಲೆಕ್ಕ ಮಾಡಿದಳು. ಬುಟ್ಟಿಗೆ ಹದಿನಾರು ಕಿಲೋ ಹಿಡಿದರೂ ಏಳು ಕಿಲೋ ಮೀರಿತು.

ಬಸ್ಸಿಳಿದು ಮನೆಗೆ ಬಂದಾಗ ಅವ್ವ ಬೂದಿ ಬೆರೆಸಿಟ್ಟು ಆಗಷ್ಟೇ ತೆರೆದ ಗಡಿಗೆಯ ಮುಂದೆ ಕೂತು ಜೋಳ ಕೇರುತ್ತಿದ್ದಳು. "ನೋಡವಾ, ಒಂದ್ ಹುಳ ಬಿದ್ದಿಲ್ಲ." ಕೋಳಿಗಳಿಗೂ ಒಂದು ಹಿಡಿ ಹಾಕಿದ್ದಳು. ಅವು ಹಿತ್ತಲಲ್ಲಿ ಕಾಲು ಚಾಚಿ ಬಿದ್ದಿದ್ದವು. ರೋಗ ಬಂದೈತಿ ಎಂದಳು.

ಆದೆಮ್ಮ ಮೊರ ಕಸಿದುಕೊಂಡು, ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದಳು. ಗದ್ದೆಮ್ಮ ಹಿತ್ತಲಿನ ಕೋಳಿಗಳ ಕಡೆ ನೋಡಿದಳು. ಆಮೇಲೆ, ಹೊನ್ನೂರಮ್ಮ ಹೋದ ವಾರವೇ ಗಡಿಗೆ ತೆರೆದಾಳ ಎಂದಳು. ಜೊತೆಗೆ ಕಲ್ಲು ಒಡೆಯುವ ಹೊನ್ನೂರಮ್ಮ ಎರಡು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಮನೆಮಂದಿಗೆಲ್ಲ ವಾಂತಿ ಎಂಬ ಸುದ್ದಿಯಿತ್ತು. ಆದೆಮ್ಮ ಅವರ ಮನೆಗೆ ಓಡಿದಳು. ಗದ್ದೆಮ್ಮ ಅದೇ ಜೋಳವನ್ನು ಬೀಸುವ ಕಲ್ಲಿಗೆ ಹಾಕಿದಳು.

ಬೆಳಿಗ್ಗೆ ಭಟ್ಟಿಗೆ ಬಂದು ಕರಿಬಸಯ್ಯನ ಮುಂದೆ ಅರಿವೆ ಬಿಚ್ಚಿ ರೊಟ್ಟಿ ಇಟ್ಟಳು. ನೀವು ಕೊಟ್ಟ ಬೂದಿಯೊಳಗಿದ್ದ ಜೋಳದ್ದು, ತಿನ್ನಿರಿ ಎಂದಳು.

"ನಿನ್ನ ಕೈಯಾಗಿಂದು ನಾ ಉಣ್ಣಬೇಕೇನ? ನಿನ್ನ ಜಾತಿ ಯಾವ್ದು, ನಂದ್ಯಾವ್ದು?"

"ನೀವು ಬ್ಯಾಡ್ರಿ, ಧಣೇರ. ನಾಯಿಗೆ ಜಾತಿಲ್ಲ."

ಒಂದು ಚೂರು ಮುರಿದು ಎಸೆದಳು. ನಾಯಿ ನೆಗೆಯಿತು. ಕರಿಬಸಯ್ಯ ಎರಡೂ ಕೈಯಿಂದ ಸರಪಳಿ ಜಗ್ಗಿ ಹಿಡಿದ.

ಸುತ್ತಿಗೆಗಳ ಸದ್ದು ನಿಂತಿತು.

"ಯಾಕ ಹಿಡಿದ್ರಿ?" ಎಂದಳು ಕಲ್ಲಿನ ರಾಶಿಯ ಬಳಿಯಿದ್ದ ಚಾಂದ್‌ಬೀ, ಕೂತಲ್ಲಿಂದಲೇ.

ಅವನು ಸರಪಳಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ನಾಯಿ ರೊಟ್ಟಿಯ ಕಡೆಗೆ ಎಳೆಯುತ್ತಲೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಯಾರೂ ಸುತ್ತಿಗೆ ಕೆಳಗಿಡಲಿಲ್ಲ.