ಹೆಸರು ಹೇಳದೆ ಮುಳ್ಳಿಡದ ರುಡೊಲ್ಫ್ ಮಾಸ್ತರರು

ರುಡೊಲ್ಫ್ ಮಾಸ್ತರರ ನಡಿಗೆಯನ್ನು ದೂರದಿಂದ ನೋಡಿದವರು ಅವರ ಒಂದು ಕಾಲು ಗಿಡ್ಡವಿರಬೇಕೆಂದೇ ತಿಳಿಯುತ್ತಿದ್ದರು. ಬಲಹೆಜ್ಜೆ ಕಾಲಕ್ಕೆ ಸರಿಯಾಗಿ ಬೀಳುತ್ತಿತ್ತು. ಎಡಹೆಜ್ಜೆ ಮಾತ್ರ ಅರೆಕ್ಷಣ ಗಾಳಿಯಲ್ಲೇ ನಿಂತು, ಏನನ್ನೋ ಆಲಿಸಿ, ಆಮೇಲೆ ನೆಲ ಮುಟ್ಟುತ್ತಿತ್ತು. “ಎರಡನೇ ಹೆಜ್ಜೆಯನ್ನು ಸ್ವಲ್ಪ ಕಾಯಿಸ್ಬೇಕು ಮಾರಾಯ್ರೆ. ಜಾಝ್ ಅಂದ್ರೆ ಅಷ್ಟೇ. ಬರ್ಕೊಳ್ಳಿ,” ಎನ್ನುತ್ತಿದ್ದರು. ಬಲ್ಮಠದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಅವರಿಗೆ ‘ಬರ್ಕೊಳ್ಳಿ’ ಎನ್ನದೆ ಮಾತು ಮುಗಿಸಲು ಬರುತ್ತಿರಲಿಲ್ಲ, ಹೋಟೆಲಿನಲ್ಲಿ ನೀರುದೋಸೆ ತರಿಸುವಾಗಲೂ. ಅದೇ ಕಾಲೇಜಿನ ಕನ್ನಡ ಪಂಡಿತನಾದ ನಾನು ಹನ್ನೆರಡು ವರ್ಷ ಅವರ ಜೊತೆ ನಡೆದು ನನ್ನ ಕಾಲನ್ನೂ ಕೆಡಿಸಿಕೊಂಡೆ.

೧೯೬೭ರಲ್ಲಿ ಅವರು ತೀರಿಕೊಂಡು ತಿಂಗಳಾದಾಗ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತಿಂಗಳ ಪೂಜೆ ಮುಗಿಸಿ ನಾವು ನಾಲ್ವರು ಅವರ ಮನೆಯ ಜಗುಲಿಯಲ್ಲಿ ಕೂತೆವು. ಮೊದಲು ಬಾಯಿ ಬಿಟ್ಟವನು ಕುದ್ರೋಳಿಯ ದರ್ಜಿ ನೋಣಯ್ಯ. “ಈ ಸೆಕೆಗೆ ಉಣ್ಣೆಕೋಟು ಎಂತಕ್ಕೆ ಅಂತ ಕೇಳಿದೆ. ಇದು ಕೋಟಲ್ಲ ನೋಣಯ್ಯ, ನನ್ನ ಲೈಬ್ರರಿ ಅಂದ್ರು. ಒಳಗೆ ಒಂಬತ್ತು ಕಿಸೆ ಹೊಲಿಸಿದ್ರು!” ಒಂದು ಕಿಸೆಯಲ್ಲಿ ಗ್ರಾಮಫೋನಿನ ಮುಳ್ಳುಗಳು, ಉಳಿದ ಎಂಟರಲ್ಲಿ ಚೀಟಿಗಳು, ಚೀಟಿಗಳ ತುಂಬ ವಾದ್ಯಗಾರರ ಹೆಸರುಗಳು. ನುಡಿಸಿದವರೆಲ್ಲರ ಹೆಸರು ಓದದೆ ಅವರು ಯಾವ ತಟ್ಟೆಯ ಮೇಲೂ ಮುಳ್ಳಿಟ್ಟವರಲ್ಲ. ಮದುವೆಮನೆಯಲ್ಲಿ ಕುಣಿಯಲು ಸಜ್ಜಾದ ಜೋಡಿಗಳು, ಮಾಸ್ತರರು ಡ್ರಮ್ಮು ಬಾರಿಸಿದವನ ಹೆಸರಿಗೆ ಬರುವಷ್ಟರಲ್ಲಿ, ಬೇಸತ್ತು ಊಟಕ್ಕೆ ಹೋಗಿಬಿಡುತ್ತಿದ್ದವು.

ಆದರೆ ಆ ಹಟಕ್ಕೆ ಕಾರಣವಿತ್ತು. ಇಗರ್ಜಿಯಲ್ಲಿ ಸ್ವರಲಿಪಿ ಕಲಿತು, ಮದುವೆಯ ಬ್ಯಾಂಡುಗಳಲ್ಲಿ ಉಸಿರು ಪಳಗಿಸಿಕೊಂಡು, ಬೊಂಬಾಯಿಗೆ ಹೋಗಿ ಹೋಟೆಲುಗಳಲ್ಲಿ ಜಾಝ್ ನುಡಿಸಿದ ನಮ್ಮೂರಿನವರು ಅದೆಷ್ಟೋ ಮಂದಿ. ತಟ್ಟೆಯ ಚೀಟಿಯ ಮೇಲೆ ಮಾತ್ರ ಬ್ಯಾಂಡಿನ ಯಜಮಾನನೊಬ್ಬನದೇ ಹೆಸರು. ಉಳಿದವರ ಚರಿತ್ರೆಯನ್ನು ಮಾಸ್ತರರು ಮನೆಮನೆ ಅಲೆದು ಬರೆಯುತ್ತಿದ್ದರು.

೧೯೬೨ರಲ್ಲಿ ಪರವೂರಿನ ರೇಡಿಯೋ ಕೇಂದ್ರವೊಂದು ಅವರಿಗೆ ಭಾನುವಾರಕ್ಕೆ ಹದಿನೈದು ನಿಮಿಷ ಕೊಟ್ಟಿತು. ಅವರು ಕನ್ನಡದಲ್ಲೇ ಮಾತಾಡಿದರು. ನೋಣಯ್ಯನಿಗೆ ಅರ್ಥವಾಗದ ಜಾಝ್ ಯಾರಿಗೆ ಬೇಕು ಎಂಬುದು ಅವರ ವಾದ. ಇಗರ್ಜಿಯಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಿ, ಆಕ್ಷೇಪವಿದ್ದವರು ಹೇಳಿ ಎನ್ನುತ್ತಾರಲ್ಲ, ಅದೇ ಕ್ರಮವನ್ನು ಇಲ್ಲಿಗೂ ತಂದರು. ಒಂದು ತಟ್ಟೆಯ ಹೆಸರುಗಳನ್ನು ಮೂರು ವಾರ ಓದುವುದು. ಯಾರೂ ಆಕ್ಷೇಪಿಸದಿದ್ದರೆ ಅದು ಚರಿತ್ರೆ. ಮೊದಲ ತಟ್ಟೆಯ ಮುಖ್ಯ ಟ್ರಂಪೆಟ್ ತಮ್ಮ ಜೀವದ ಗೆಳೆಯ ವಿಲ್ಲಿಯದೆಂದು ಓದಿದರು. ವಿಲ್ಲಿ ಇಪ್ಪತ್ತು ವರ್ಷ ಹಾಗೆಂದೇ ಹೇಳಿಕೊಂಡು ಬಂದಿದ್ದ. ಎಲ್ಲರನ್ನೂ ಪರೀಕ್ಷಿಸುತ್ತಿದ್ದ ಮಾಸ್ತರರು ಗೆಳೆಯನ ಮಾತನ್ನು ಮಾತ್ರ ಪರೀಕ್ಷಿಸಿರಲಿಲ್ಲ.

ಎರಡನೇ ಭಾನುವಾರದ ಮರುದಿನ ನರ್ಸ್ ಎಸ್ತೆರ್ ಬಂದಳು. “ಮಾಸ್ಟ್ರೇ, ನನ್ನ ಆಕ್ಷೇಪ ಉಂಟು. ಅದು ನುಡಿಸಿದ್ದು ನಮ್ಮ ಅಪ್ಪ. ಅವರಿಗೆ ಇನ್ನು ಹೆಚ್ಚು ದಿನ ಇಲ್ಲ.”

ಬಿಕರ್ನಕಟ್ಟೆಯ ಅವಳ ಮನೆಗೆ ಗ್ರಾಮಫೋನು ಹೊತ್ತು ಹೋದೆವು. ಅವಳ ಅಪ್ಪ, ಹಲ್ಲುದುರಿದ ಪಿಯುಸ್, ಯಾವ ವಾದವನ್ನೂ ಹೂಡದೆ ಮಂಚದಲ್ಲಿ ಒರಗಿ ಕಣ್ಣು ಮುಚ್ಚಿದರು. ತಟ್ಟೆ ತಿರುಗಿದಂತೆ ಅವರ ಬಲಗೈಯ ಮೂರು ಬೆರಳುಗಳು, ಟ್ರಂಪೆಟ್ಟಿನ ಮೂರು ಕೀಲಿಗಳನ್ನು ಒತ್ತುವಂತೆ, ಹೊದಿಕೆಯ ಮೇಲೆ ಎದ್ದು ಬೀಳತೊಡಗಿದವು. ಆ ವಾದನದ ನಡುವೆ ವಿಚಿತ್ರವಾಗಿ ಜಾರಿ ಮೇಲೇಳುವ ಒಂದು ಸ್ವರವಿದೆ. ಅದು ಪ್ರತಿಭೆಯ ಪರಮಾವಧಿಯೆಂದು ಮಾಸ್ತರರು ತಮ್ಮ ಗ್ರಂಥದಲ್ಲಿ ಎರಡು ಪುಟ ಕೊಂಡಾಡಿದ್ದರು. ಆ ಸ್ವರ ಬರುವ ಮೊದಲೇ ಪಿಯುಸರ ನಡುಬೆರಳು ಕೆಳಗೊತ್ತಿ, ಮೇಲೇಳಲಾರದೆ ತಡವರಿಸಿತು. ಆಮೇಲೆ ಸ್ವರ ಜಾರಿತು.

“ಎರಡನೇ ಕೀಲಿ ಅಂಟಿಕೊಂಡಿತ್ತು. ಬೊಂಬಾಯಿ ಮಳೆ ಅಲ್ವಾ. ಎಣ್ಣೆ ಹಾಕ್ಲಿಕ್ಕೆ ಮರೆತಿದ್ದೆ,” ಎಂದರು ಪಿಯುಸ್, ಈಗಲೂ ನಾಚಿಕೊಂಡು.

ಮಾಸ್ತರರು ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿ, “ಆ ಎಣ್ಣೆ ಬಗ್ಗೆ ನಾನು ಎರಡು ಪುಟ ಬರ್ದಿದ್ದೇನೆ ಮಾರಾಯ್ರೆ,” ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಲ್ಲಿಂದ ನೇರವಾಗಿ ವಿಲ್ಲಿಯ ಮನೆಗೆ ನಡೆದರು. ಆ ದಿನ ಎಡಹೆಜ್ಜೆ ಎಲ್ಲಿಯೂ ಕಾಯಲಿಲ್ಲ.

“ಇಪ್ಪತ್ತು ವರ್ಷದ ಸ್ನೇಹ ಉಂಟಲ್ಲ ರುಡೊಲ್ಫ್?”

“ಸ್ನೇಹ ಉಂಟು ವಿಲ್ಲಿ. ಆ ಟ್ರಂಪೆಟ್ ನಿನ್ನದಲ್ಲ.”

ವಿಲ್ಲಿ ಬಾಗಿಲು ಹಾಕಿಕೊಂಡ. ಮಾಸ್ತರರ ಮುಖ ಸಣ್ಣದಾದುದನ್ನು ನಾನು ಅಂದೊಮ್ಮೆ ಮಾತ್ರ ಕಂಡೆ.

ಮೂರನೇ ಭಾನುವಾರ ನನಗೆ ಪಿಯುಸರ ಮನೆಯಲ್ಲಿ ಕೂರಲು ಅಪ್ಪಣೆಯಾಗಿತ್ತು. ಅಲ್ಲಿ ರೇಡಿಯೋ ಇರಲಿಲ್ಲ; ತರುತ್ತೇನೆಂದವರು ಕೈಕೊಟ್ಟಿದ್ದರು. ಹತ್ತು ನಿಮಿಷ ಉಳಿದಿರುವಾಗ ಅಂಗಳದಲ್ಲಿ ಏದುಸಿರು ಕೇಳಿಸಿತು. ವಿಲ್ಲಿ! ತನ್ನ ದೊಡ್ಡ ರೇಡಿಯೋವನ್ನು ಹೆಗಲ ಮೇಲೆ ಹೊತ್ತು ತಂದು, ಯಾರ ಮುಖವನ್ನೂ ನೋಡದೆ ಸ್ಟೂಲಿನ ಮೇಲಿಟ್ಟು ಅದರ ಕಿವಿ ತಿರುವಿದ.

“ಎರಡು ವಾರ ನಾನು ತಪ್ಪು ಹೆಸರು ಓದಿದ್ದೇನೆ,” ಎಂದಿತು ಮಾಸ್ತರರ ಧ್ವನಿ. “ತಪ್ಪು ನನ್ನದು, ಇನ್ನಾರದೂ ಅಲ್ಲ. ನಾನು ಹೊಗಳಿದ ಸ್ವರವೂ ಅಂಟಿಕೊಂಡ ಕೀಲಿಯದು. ಮುಖ್ಯ ಟ್ರಂಪೆಟ್, ಬಿಕರ್ನಕಟ್ಟೆಯ ಪಿಯುಸ್. ಅವರ ಪಕ್ಕದಲ್ಲಿ ನಿಂತು ಎರಡನೇ ಟ್ರಂಪೆಟ್ ನುಡಿಸಿದವರು, ಪಿಯುಸರೇ ಹೇಳಿದ ಹಾಗೆ, ವಿಲ್ಲಿ. ಬರ್ಕೊಳ್ಳಿ.”

ಪಿಯುಸ್ ಎದ್ದು ಕೂತರು. ವಿಲ್ಲಿ ತಲೆಯೆತ್ತಿದ; ತಾನು ನಿಜಕ್ಕೂ ನುಡಿಸಿದ್ದನ್ನು ಯಾರಾದರೂ ಹೇಳಿದ್ದು ಅವನಿಗೆ ಅದೇ ಮೊದಲು. ತಟ್ಟೆ ಹಾಡತೊಡಗಿದಾಗ ಹೊದಿಕೆಯ ಮೇಲೆ ಮೂರು ಬೆರಳು, ಸ್ಟೂಲಿನ ಅಂಚಿನಲ್ಲಿ ಮೂರು ಬೆರಳು ಒಟ್ಟಿಗೇ ಆಡಿದವು. ಎಸ್ತೆರ್ ಅಳುತ್ತಲೇ ಚಪ್ಪಾಳೆ ತಟ್ಟಿದಳು, ನಾನೂ ತಟ್ಟಿದೆ. ನನ್ನ ಜೀವನದಲ್ಲಿ ಅಷ್ಟು ಖುಷಿಪಟ್ಟ ಭಾನುವಾರ ಇನ್ನೊಂದಿಲ್ಲ. ಹೆಚ್ಚು ದಿನ ಇಲ್ಲವೆಂದು ಮಗಳು ಹೇಳಿದ್ದ ಪಿಯುಸ್ ಆಮೇಲೆ ಎರಡು ವರ್ಷ ಬದುಕಿದರು, ‘ರೇಡಿಯೋ ಪಿಯುಸ್’ ಎಂದೇ ಕರೆಸಿಕೊಂಡು.

ತಿಂಗಳ ಪೂಜೆಯ ದಿನ ಜಗುಲಿಯಲ್ಲಿ ಎಸ್ತೆರ್ ಅದೇ ತಟ್ಟೆಗೆ ಮುಳ್ಳಿಡಹೊರಟಾಗ ವಿಲ್ಲಿ ಕೈ ಅಡ್ಡ ಹಿಡಿದ. “ಮೊದಲು ಹೆಸರು.” ಗೂಟಕ್ಕೆ ನೇತುಹಾಕಿದ್ದ ಕೋಟಿನ ಕಿಸೆಯಿಂದ ಚೀಟಿ ತೆಗೆದು ತಾನೇ ಓದಿದ: “ಮುಖ್ಯ ಟ್ರಂಪೆಟ್, ಪಿಯುಸ್.”

ಸಂಗೀತವನ್ನು ಹುಟ್ಟಿಸುವವರದು ಒಂದು ಬಗೆಯ ಹಿರಿಮೆ. ತಾವು ಒಂದು ಸ್ವರವನ್ನೂ ನುಡಿಸದೆ, ನುಡಿಸಿದವರನ್ನು ಅನಾಮಧೇಯರಾಗಿ ಸಾಯಗೊಡದೆ, ಅದಕ್ಕಾಗಿ ತಮ್ಮ ತಪ್ಪನ್ನು ಲೋಕವೆಲ್ಲ ಕೇಳುವಂತೆ ಓದಿ ಹೇಳುವವರದು ಇನ್ನೊಂದು. ಅಂಥವರು ಹೋದ ಮೇಲೂ ಅವರ ಕ್ರಮ ನಿಲ್ಲುವುದಿಲ್ಲ. ಮುಳ್ಳಿಡುವ ಕೈಯನ್ನು ಯಾರಾದರೊಬ್ಬರು ತಡೆದೇ ತಡೆಯುತ್ತಾರೆ. ಬರೆದುಕೊಂಡಿದ್ದೇನೆ, ಮಾಸ್ತರರೇ.