ಒಂದೇ ಕೆಂಪು ದೀಪದ ಕಾರು

ಬಿಳಿಕೆರೆ ಹತ್ತಿರದ ಊರೊಂದರಲ್ಲಿ ಚೆಲುವರಾಜು ಹಳೆಯ ಕಾರೊಂದನ್ನು ಕೊಂಡು ಎಂಟು ತಿಂಗಳಾಗಿತ್ತು. ಅದನ್ನು ಕೊಂಡದ್ದು ಮಗಳು ಸೌಂದರ್ಯಳಿಗಾಗಿ. ಈಗ ಅವಳಿಗೆ ಎಚ್.ಡಿ. ಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಡ್ಯೂಟಿ. ಎರಡು ಬಸ್ಸು ಬದಲಾಯಿಸಿ ಹೋದರೆ ಹೊತ್ತಿಗೆ ಮುಟ್ಟುವುದು ಕಷ್ಟ. ಆರಕ್ಕೆ ಕಾರಿನಲ್ಲಿ ಹೊರಟರೆ ಆರಾಮ.

ಭಾನುವಾರ ಸಂಜೆ ತಾಯಿ ರುಕ್ಮಿಣಮ್ಮ ಮನೆ ಮುಂದಿನ ದಾರಿಯಲ್ಲಿ ನಿಂತಿದ್ದ ಕಾರು ಒರೆಸಲು ಒಳಗೆ ಬಗ್ಗಿದಳು. ಸ್ಟೇರಿಂಗಿನ ಹಿಂದೆ, ಮೀಟರಿನ ಪಕ್ಕ, ಹಣೆಗಿಡುವ ಮೆರೂನ್ ಬಣ್ಣದ ಟಿಕ್ಲಿಯೊಂದು ಅಂಟಿತ್ತು.

"ಇದೇನ್ರೀ, ನನ್ ಟಿಕ್ಲಿ ಇಲ್ಲಿಗ್ ಬಂದದೆ? ಕಾರ್‌ಗೂ ಸಿಂಗಾರ ಮಾಡಿದ್ದೀರಾ?"

ಜಗಲಿಯ ಮೇಲಿದ್ದ ಚೆಲುವರಾಜು ಸುಮ್ಮನೆ ಕೆಮ್ಮಿದ. "ಇರ್ಲಿ ಬುಡು. ದೃಷ್ಟಿಯಾಗ್ದಿರ್ಲಿ ಅಂತ."

ಸೌಂದರ್ಯ ಬಂದು ಟಿಕ್ಲಿ ಕಿತ್ತು ಕೀ ತಿರುಗಿಸಿದಳು. ಟಿಕ್ಲಿ ಇದ್ದ ಕಡೆ ಬಲ್ಬಿನ ಆಕಾರದ ಹಳದಿ ದೀಪವೊಂದು ಉರಿಯುತ್ತಿತ್ತು.

"ಅಪ್ಪಾ! ಇದು ಯಾವಾಗಿಂದ ಉರೀತಾ ಅದೆ?"

"ದೀಪಾವಳಿ ಆದ್ಮೇಲಿಂದ. ಗಾಡಿ ಚೆನ್ನಾಗೇ ಓಡ್ತದಲ್ಲ ಮಗ? ಬ್ರೇಕ್ ಅದೆ, ಹಾರನ್ ಅದೆ. ಕಣ್ಣಿಗೆ ಕಿರಿಕಿರಿ ಅಂತ ಮುಚ್ದೆ."

"ಅದೇನು ಅಂತ ಗೊತ್ತಾಗಾಗಂಟ ನಾನಂತೂ ಮಗೀನ ಇದ್ರಲ್ಲಿ ಕಳ್ಸಾಕಿಲ್ಲ," ಎಂದಳು ರುಕ್ಮಿಣಮ್ಮ. "ಲೇಟಾದ್ರೆ ಆಗ್ಲಿ, ಬಸ್ಸಲ್ಲೇ ಓಗ್ಲಿ."

"ಮೊದಲ್ನೇ ದಿನಾನೇ ಲೇಟಾಗ್ ಓದ್ರೆ ಏನಂದಾರು ಅವ್ವ?" ಸೌಂದರ್ಯಳ ಮುಖ ಇಳಿದುಹೋಯಿತು. ಅವಳು ನಾಲ್ಕು ಮನೆ ಆಚೆಗಿನ ಪ್ರಭುಸ್ವಾಮಿಯವರನ್ನು ಕರೆತರಲು ಎದ್ದಳು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು ಅವರು.

ಪ್ರಭುಸ್ವಾಮಿ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡು ದೀಪ ನೋಡಿದರು. "ಕಾರಿನ ಹೊರಗಡೆ ಯಾವುದೋ ಒಂದು ಬಲ್ಬ್ ಉರೀತಿಲ್ಲ ಅಂತ ಇದು ಹೇಳ್ತಾ ಅದೆ ಕಣವ್ವ. ಯಾವುದು ಅಂತ ಇಳಿದು ನಾವೇ ನೋಡ್ಬೇಕು."

"ಮುಂದಿನ್ ಲೈಟ್ ಎರಡೂ ಉರೀತವೆ ಪ್ರಭಣ್ಣ," ಎಂದ ಚೆಲುವರಾಜು. "ದಾರಿ ಕಾಣಾದು ಅದ್ರಲ್ಲಿ ತಾನೆ? ಹಿಂದಿನ್ದನ್ನ ಯಾರ್ ನೋಡಾರು?"

"ಹಿಂದೆ ಬರೋರು ನೋಡ್ತಾರೆ ಕಣ್ಲಾ. ಬಾ ಇಲ್ಲಿ."

ಆಗಲೇ ಮುಸ್ಸಂಜೆ. ಸೌಂದರ್ಯ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀ ಮಾತ್ರ ಆನ್ ಮಾಡಿ ಕೂತಳು. ಪ್ರಭುಸ್ವಾಮಿ ಹೇಳಿದಂತೆ ಒಂದೊಂದೇ ಹಾಕಿದಳು. ಹೆಡ್‌ಲೈಟ್ ಸರಿಯಿತ್ತು. ಎಡ, ಬಲ ಇಂಡಿಕೇಟರ್ ಎರಡೂ ಒಂದೇ ಸಮ ಮಿಣುಕಿದವು. "ಒಂದು ಕಡೇದು ಗಡಿಬಿಡೀಲಿ ಟಿಕ್‌ಟಿಕ್ ಅಂದ್ರೆ ಆ ಕಡೆ ಬಲ್ಬ್ ಹೋಗಿರ್ತದೆ, ನೆನಪಿಟ್ಕೋ," ಎಂದರು. ರಿವರ್ಸ್ ದೀಪ, ನಂಬರ್ ಪ್ಲೇಟಿನ ದೀಪ ನೋಡಿದರು. ಹಿಂದಿನ ಬಲಗಡೆ ಕೆಂಪು ದೀಪ ಉರಿಯುತ್ತಿತ್ತು. ಎಡಗಡೆ ಕತ್ತಲು. ಬ್ರೇಕ್ ಒತ್ತಿದರೂ ಕತ್ತಲೇ. ಅದನ್ನು ಹೇಳಲು ಇಬ್ಬರೂ ಸೌಂದರ್ಯಳ ಕಿಟಕಿಯ ಬಳಿಗೆ ಬಂದರು.

"ಒಂದ್ ತಾನೆ ಕೆಟ್ಟಿರಾದು?" ಚೆಲುವರಾಜು ಬಿಡಲಿಲ್ಲ. "ಇನ್ನೊಂದು ಉರೀತಾ ಅದಲ್ಲ. ಸಂಕ್ರಾಂತಿ ಕಳೀಲಿ, ಮಾಡಿಸನ."

ಅವನ ಮಾತು ಮುಗಿಯುವ ಮೊದಲೇ ಕಾರಿನ ಹಿಂದಿನಿಂದ ದಡ್ ಎಂದು ಸದ್ದಾಯಿತು. ಹುಲ್ಲಿನ ಹೊರೆ ಹೇರಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ನೆರೆಮನೆಯ ಶಿವನಂಜಪ್ಪ ಕಾರಿನ ಎಡಮೂಲೆಗೆ ಗುದ್ದಿ, ಬಿದ್ದ ಹುಲ್ಲಿನ ಹೊರೆಯ ಮೇಲೆ ಕೂತಿದ್ದ.

"ಯಾವೋನ್ಲಾ ದಾರೀಲಿ ಬೈಕ್ ನಿಲ್ಸಿರಾದು!" ಎಂದು ಕೂಗಿದವನು ತಲೆ ಎತ್ತಿ ನೋಡಿದ. "ಅಯ್ಯೋ, ಕಾರು! ಒಂದೇ ಲೈಟ್ ಕಾಣ್ತು ಕಣಪ್ಪ, ಬೈಕ್ ಅನ್ಕಂಡೆ. ಎಡಕ್ಕೆ ಜಾಗ ಅದೆ ಅಂತ ನುಗ್ಗಿಸ್ದೆ."

"ಏಟಾಯ್ತಾ ಮಾವ?" ಸೌಂದರ್ಯ ಓಡಿಬಂದಳು.

"ನನ್ಗೇನಾಗದೆ ಮಗ, ಹುಲ್ ಅದಲ್ಲ. ಹಸ ಇನ್ನೂ ತಿಂದಿಲ್ಲ, ನಾನು ಆಗ್ಲೇ ಬಾಯ್ ತುಂಬ ತಿಂದೆ."

ಎಲ್ಲರೂ ನಕ್ಕರು. ಚೆಲುವರಾಜು ಮಾತ್ರ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಹುಲ್ಲು ಬಾಚತೊಡಗಿದ.

"ಇದು ಸೈಕಲ್ಲು," ಎಂದರು ಪ್ರಭುಸ್ವಾಮಿ ಮೆಲ್ಲಗೆ. "ನಾಳೆ ಬೆಳಿಗ್ಗೆ ಮಂಜಿನಲ್ಲಿ ಹಿಂದೆ ಬರೋದು ಲಾರಿ."

ಚೆಲುವರಾಜು ಮಗಳ ಕಡೆ ನೋಡಿದ. "ಈಗ್ಲೇ ಮಾಡನ. ಏನ್ ಮಾಡ್ಬೇಕು ಹೇಳಣ್ಣ."

ಕೀ ಆರಿಸಿ, ಬಲ್ಬಿನ ಬಿಸಿ ಆರುವವರೆಗೆ ಕಾದರು. ಎಡಗಡೆ ಬಲ್ಬ್ ಬಿಚ್ಚಿದರೆ ಒಳಗಿನ ತಂತಿ ಸರಿಯಾಗಿಯೇ ಇತ್ತು. ಪ್ರಭುಸ್ವಾಮಿ ಅದನ್ನು ಬಲಗಡೆಗೆ ಹಾಕಿಸಿ ಕೀ ತಿರುಗಿಸಲು ಹೇಳಿದರು. ಉರಿಯಿತು. ಬಲಗಡೆಯದನ್ನು ಎಡಕ್ಕೆ ಹಾಕಿಸಿದರು. ಉರಿಯಲಿಲ್ಲ.

"ನೋಡಿದ್ಯಾ? ಬಲ್ಬ್ ಚೆನ್ನಾಗದೆ. ಅದು ಕೂರೋ ಹೋಲ್ಡರ್ ಕೆಟ್ಟದೆ. ಹೀಗೆ ಅದಲು ಬದಲು ಮಾಡಿ ನೋಡದೆ ಹೊಸ ಬಲ್ಬ್ ತಂದಿದ್ರೆ ದಂಡ ಆಗ್ತಿತ್ತು." ಹೋಲ್ಡರಿನ ತುಂಬ ಹಸಿರು ಕಿಲುಬು. ದೀಪದ ಗಾಜಿನೊಳಗೆ ನೀರಿನ ಹನಿ. "ಕಾರ್ ಎಲ್ಲಿ ತೊಳೀತೀಯ ನೀನು?"

ಚೆಲುವರಾಜು ತಲೆ ಕೆರೆದುಕೊಂಡ. ರುಕ್ಮಿಣಮ್ಮನೇ ಹೇಳಿದಳು: "ಕೆರೇಲಿ ಕಣಣ್ಣ! ಎತ್ತಿನ್ ಮೈ ತೊಳ್ದಂಗೆ, ಹಿಮ್ಮುಖ ಇಳ್ಸಿ ನೀರಲ್ಲಿ ನಿಲ್ಸಿ, ಹುಲ್ಲಲ್ಲಿ ಬೆನ್ನು ಉಜ್ತಾರೆ. ನಲವತ್ತು ವರ್ಸದ ಅಭ್ಯಾಸ."

"ಎತ್ತು ಮೈ ಕೊಡವ್ಕೊಂಡು ಬಿಸಿಲಿಗೆ ನಿಲ್ತದೆ. ಕಾರು ಹೆಂಗೆ ಕೊಡವ್ಕೊಳ್ತದೋ ಮಾರಾಯ? ಗಾಜಿನ ಸುತ್ತಿನ ರಬ್ಬರ್ ಹರಿದು ನೀರೆಲ್ಲ ಒಳಗೇ ಕೂತದೆ. ಇನ್ಮೇಲೆ ಅಂಗಳದಲ್ಲಿ ಬಕೆಟ್ ನೀರಲ್ಲಿ ಒರೆಸು."

ಹಳೆಯ ಹೋಲ್ಡರನ್ನು ಜೇಬಿಗೆ ಹಾಕಿಕೊಂಡು ಚೆಲುವರಾಜು, ಪ್ರಭುಸ್ವಾಮಿ ಇಬ್ಬರೂ ಬೈಕಿನಲ್ಲಿ ಬಿಳಿಕೆರೆಯ ಅಂಗಡಿಗೆ ಹೋಗಿ, ಅಂಥದ್ದೇ ಹೊಸದನ್ನೂ ದೀಪದ ರಬ್ಬರನ್ನೂ ತಂದರು. ಗಾಜು ಒಣಗಿಸಿ ಕೂರಿಸಿದರು. ಸೌಂದರ್ಯ ಕೀ ಹಾಕಿದಳು. ಹಳದಿ ದೀಪ ಒಂದು ಕ್ಷಣ ಹತ್ತಿ ಆರಿಹೋಯಿತು. ಹಿಂದೆ ಎರಡೂ ಕಡೆ ಕೆಂಪು.

"ಎಲ್ಲ ಬಲ್ಬ್ ಉರಿದೂ ಈ ಹಳದಿ ದೀಪ ಆರ್ದಿದ್ರೆ?" ಎಂದು ಕೇಳಿದಳು ಅವಳು.

"ಯಾರೋ ಬೇರೆ ವ್ಯಾಟಿನ ಬಲ್ಬೋ, ಎಲ್ಇಡಿಯೋ ಹಾಕಿರ್ಬೋದು. ಇಲ್ಲಾಂದ್ರೆ ವೈರಿನ ತೊಂದ್ರೆ. ಆಗ ಕಾರ್ ಎಲೆಕ್ಟ್ರಿಷಿಯನ್ ಹತ್ರ ಹೋಗ್ಬೇಕು."

ಬೆಳಿಗ್ಗೆ ಆರಕ್ಕೆ ಊರಿಗೆಲ್ಲ ಮಂಜು ಕವಿದಿತ್ತು. ಚೆಲುವರಾಜು ತಲೆಗೆ ಟವಲ್ ಸುತ್ತಿಕೊಂಡು ತಾನೇ ಕಾರಿನ ಸುತ್ತ ಒಂದು ಸುತ್ತು ಬಂದ. "ಬ್ರೇಕ್ ಒತ್ತವ್ವ. ಇಂಡಿಕೇಟರ್ ಹಾಕು. ಸರಿ ಅದೆ, ಒರಡು."

ರುಕ್ಮಿಣಮ್ಮ ಟಿಫಿನ್ ಬ್ಯಾಗು ಕಿಟಕಿಯಲ್ಲಿ ಕೊಟ್ಟು, "ಓಗ್ಬುಟ್ಟು ಬಾ ಮಗ," ಎಂದಳು.

ಏಳೂ ಮುಕ್ಕಾಲಿಗೆ ಫೋನು ಬಂತು. "ಅವ್ವ, ಡ್ಯೂಟಿಗೆ ಇನ್ನೂ ಕಾಲು ಗಂಟೆ ಅದೆ. ಯೂನಿಫಾರಂ ಹಾಕಿ ಆಯ್ತು. ಅಪ್ಪನ್ಗೂ ಹೇಳು."

ಅಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ.

ಈ ಕಥೆ ಓದಿದ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಕಾರಿನಲ್ಲಿ ಬಲ್ಬಿನ ಗುರುತಿನ ದೀಪ ಹತ್ತಿದರೆ ಅದನ್ನು ಮುಚ್ಚಬೇಡಿ, ಇಳಿದು ನೋಡಿ. ಎಲ್ಲ ಕಾರಿನಲ್ಲೂ ಈ ದೀಪ ಇರುವುದಿಲ್ಲ. ಇಲ್ಲದವರು ವಾರಕ್ಕೊಮ್ಮೆ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಯಾರೂ ಇಲ್ಲದಿದ್ದರೆ ಕಾರನ್ನು ಗೋಡೆಗೆ ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ಒತ್ತಿ, ಗೋಡೆಯ ಮೇಲೆ ಎರಡು ಕೆಂಪು ಬೆಳಕು ಬೀಳುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿ. ಇದಕ್ಕೆ ಎರಡು ನಿಮಿಷ ಸಾಕು. ಇವತ್ತು ಸಂಜೆಯೇ ನೋಡಿಬಿಡಿ, ನಾಳೆ ಬೆಳಿಗ್ಗೆ ಆ ಕಾರಿನಲ್ಲಿ ಹೊರಡುವವರು ನಿಮ್ಮ ಮನೆಯವರೇ.