ಕಾಲೆತ್ತಿದ ಒಂದು ನಿಮಿಷ

ಗಂಗೊಳ್ಳಿಯ ಬಂದರಿನಲ್ಲಿ ಮೀನು ವಿಂಗಡಿಸುವಾಗ ಕುಷ್ಟನ ಅಂಗೈಗೆ ತೇಡೆ ಮೀನಿನ ಮುಳ್ಳು ಹೊಕ್ಕಿತ್ತು. ಅರಸಿನ ಮೆತ್ತಿಕೊಂಡು ನಾಲ್ಕು ದಿನ ಕೆಲಸಕ್ಕೆ ಹೋದ. ಐದನೆಯ ದಿನ ಬೆಳಿಗ್ಗೆ ಅವನನ್ನು ಕುಂದಾಪುರದ ಖಾಸಗಿ ಆಸ್ಪತ್ರೆಯ ಐಸಿಯುಗೆ ಹೊತ್ತು ತಂದಾಗ ಕೈ ಬಾಳೆದಿಂಡಿನಂತೆ ಬಾತಿತ್ತು, ನಂಜು ನೆತ್ತರಿಗೇರಿತ್ತು, ರಕ್ತದೊತ್ತಡ ಎಪ್ಪತ್ತೆಂಟಕ್ಕೆ ಇಳಿದಿತ್ತು.

ಅದು ೨೦೧೩. ಡ್ಯೂಟಿ ಡಾಕ್ಟರ್ ಸೌಜನ್ಯ ಬ್ರಹ್ಮಾವರದವಳು, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ಆ್ಯಂಟಿಬಯೋಟಿಕ್ ಕೊಟ್ಟಳು, ಎರಡು ಲೀಟರ್ ಸೆಲೈನ್ ಹರಿಸಿದಳು, ಸರ್ಜನ್‌ರನ್ನು ಕರೆಸಿ ಕೈಯ ಕೀವು ತೆಗೆಸಿದಳು. ಒತ್ತಡ ಏರಲಿಲ್ಲ. ಐಸಿಯುವಿನ ಹಿರಿಯ ವೈದ್ಯ ಪ್ರೇಮಾನಂದ ಬುಧವಾರಗಳಂದು ಬೈಂದೂರಿನ ತಮ್ಮ ಕ್ಲಿನಿಕ್ಕಿನಲ್ಲಿರುತ್ತಿದ್ದರು. ಫೋನಿನಲ್ಲೇ, "ಇನ್ನೆರಡು ಲೀಟರ್ ಬಿಡು" ಎಂದರು.

ಒಂದು ಲೀಟರ್ ಮುಗಿಯುವಷ್ಟರಲ್ಲಿ ಕುಷ್ಟನಿಗೆ ಏದುಸಿರು ಬಂತು. ಸ್ಟೆತೊಸ್ಕೋಪ್ ಇಟ್ಟರೆ ಎದೆಯ ಬುಡದಲ್ಲಿ ಚರಚರ ಸದ್ದು. ಸೌಜನ್ಯ ಮತ್ತೆ ಫೋನ್ ಮಾಡಿದಳು.

"ಬಿಪಿ ಇಲ್ಲ ಅಂದರೆ ನೀರು ಸಾಲದು ಅಂತ. ನೀನು ಹುಟ್ಟುವ ಮೊದಲಿಂದ ನೋಡಿದವ ನಾನು. ಹೇಳಿದಷ್ಟು ಮಾಡು."

ಹೃದಯ ನೋಡಲು ಎಕೋ ಯಂತ್ರವೇನೋ ಇತ್ತು. ಆದರೆ ಅದು ಪ್ರೇಮಾನಂದರ ಕೋಣೆಯಲ್ಲಿ, ಬೀಗದ ಕೈ ಅವರ ಕಿಸೆಯಲ್ಲಿ! ಸೌಜನ್ಯಳಿಗೆ ಮೈ ಉರಿದುಹೋಯಿತು. ಕುಷ್ಟನ ಮಣಿಕಟ್ಟಿನ ನಾಳಕ್ಕೆ ಅವಳೇ ಹಾಕಿದ್ದ ಸಣ್ಣ ಕೊಳವೆ ಪ್ರತಿ ಮಿಡಿತವನ್ನೂ ಪರದೆಯ ಮೇಲೆ ತೋರಿಸುತ್ತಿತ್ತು. ಸದ್ಯಕ್ಕೆ ಅದೇ ಗತಿ.

"ಪ್ರಫುಲ್ಲಾ, ತಲೆ ಬದಿ ತಗ್ಗಿಸಿ, ಕಾಲ್ ಬದಿ ಎತ್ರ ಮಾಡುವ" ಎಂದಳು ನರ್ಸಿಗೆ. ಒರಗಿ ಕುಳಿತಂತಿದ್ದ ಕುಷ್ಟನ ಬೆನ್ನು ಮಂಚದೊಂದಿಗೆ ಮಲಗಿತು, ಕಾಲುಗಳು ಮೇಲೆದ್ದವು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಗುಣ ಕಿರುಚಿದಳು. "ಹ್ವಾಯ್, ಎಂತ ಮಾಡ್ತ್ರಿ ನೀವ್? ಉಸ್ರಾಡುಕೆ ಆತಿಲ್ಲ ಅವ್ರಿಗೆ, ನೀವ್ ಕಾಲ್ ಮ್ಯಾಲ್ ಮಾಡಿ ಆಟ ಆಡ್ತ್ರಿಯಾ?"

"ಒಂದೇ ನಿಮಿಷ ಅಮ್ಮ. ಕಾಲಗಿಪ್ಪ ನೆತ್ತರ್ ಎದಿಗೆ ಹೋಪುಕೆ."

ಕಾಲಿನಿಂದ ಇಳಿಯುವ ಆ ನೆತ್ತರು ಕುಷ್ಟನದೇ. ಬಾಟಲಿ ಏರಿಸದೆಯೇ ಏರಿಸಿದ ಹಾಗೆ, ಕಾಲಿಳಿಸಿದರೆ ವಾಪಸು. ಹೃದಯಕ್ಕೆ ಅದು ಬೇಕಾಗಿದ್ದರೆ ಮಿಡಿತದ ಅಲೆ ಆ ನಿಮಿಷದೊಳಗೆ ಎತ್ತರವಾಗಬೇಕು. ಆಗಲಿಲ್ಲ. ಅಲೆ ಇದ್ದಲ್ಲೇ ಇತ್ತು. ಇದೊಂದರಿಂದಲೇ ತೀರ್ಮಾನಿಸಬಾರದೆಂದು ಅವಳಿಗೂ ಗೊತ್ತಿತ್ತು. ಆದರೆ ಎದೆಯ ಸದ್ದೂ ಕುಸಿಯುತ್ತಿದ್ದ ಆಮ್ಲಜನಕವೂ ಅದನ್ನೇ ಹೇಳುತ್ತಿದ್ದವು. ಈ ಮನುಷ್ಯನಿಗೆ ಇನ್ನು ನೀರು ಬೇಡ, ಸಡಿಲವಾದ ರಕ್ತನಾಳಗಳನ್ನು ಬಿಗಿಯುವ ಮದ್ದು ಬೇಕು.

ತಲೆ ಬದಿಯನ್ನು ಮತ್ತೆ ಎತ್ತಿಸಿ, ಪ್ರಫುಲ್ಲಾಳಿಗೆ ಸೆಲೈನ್ ನಿಲ್ಲಿಸಲು ಹೇಳಿ, ನಾರ್‌ಅಡ್ರಿನಲಿನ್ ಶುರುಮಾಡಿದಳು. ಎಲ್ಲವನ್ನೂ ಗಂಟೆ ನಿಮಿಷ ಸಹಿತ ಕೇಸ್‌ಶೀಟಿನಲ್ಲಿ ಬರೆದಳು.

ಮಧ್ಯಾಹ್ನ ಪ್ರೇಮಾನಂದ ಬಂದವರೇ ಎಲ್ಲರೆದುರು ಗುಡುಗಿದರು. "ಕಾಲೆತ್ತಿ ನೋಡ್ಲಿಕ್ಕೆ ಇದೇನು ಯೋಗಾಸನದ ಕ್ಲಾಸಾ? ನನ್ನ ಮಾತು ಮೀರಲಿಕ್ಕೆ ನೀನು ಯಾರು?" ಆಮೇಲೆ ಪರದೆ ನೋಡಿದರು. ಒತ್ತಡ ನೂರಾ ನಾಲ್ಕು. ಕುಷ್ಟನ ಉಸಿರು ತಹಬಂದಿಗೆ ಬರುತ್ತಿತ್ತು. ಪ್ರೇಮಾನಂದ ಹೊರಗೆ ಹೋಗಿ ಸುಗುಣಳಿಗೆ, "ಮದ್ದು ಬದಲಿಸಿದೆವು. ಇನ್ನು ಹೆದರಬೇಡಿ" ಎಂದರು. ಅವಳು ಅವರ ಕಾಲಿಗೆ ಬಿದ್ದಳು.

ಸಂಜೆ ಅವರು ಕೇಸ್‌ಶೀಟ್ ಸೌಜನ್ಯಳ ಮುಂದೆ ತಳ್ಳಿದರು. "ನನ್ನ ಫೋನ್ ಸಲಹೆಯಂತೆ ಅಂತ ತಿದ್ದಿ ಬರಿ."

"ನೀವು ಹೇಳಿದ್ದು ಎರಡು ಲೀಟರ್ ಸರ್. ಅದನ್ನೂ ಬರೆದಿದ್ದೇನೆ. ತಿದ್ದುವುದಿಲ್ಲ." ಅವಳು ಅದನ್ನು ಹಾಗೆಯೇ ವಾಪಸು ತಳ್ಳಿದಳು.

"ಸೆಲೈನ್ ನಿಲ್ಸದ್ದ್ ನಾನೇ ಸರ್" ಎಂದಳು ಹಿಂದೆ ನಿಂತಿದ್ದ ಪ್ರಫುಲ್ಲಾ. "ನನ್ ಕಣ್ಣೆದ್ರೇ ಆದ್ದ್."

ಕುಷ್ಟ ಉಳಿದ. ಎರಡು ಬೆರಳು ಕಳೆದುಕೊಂಡರೂ ಹನ್ನೆರಡನೆಯ ದಿನ ನಡೆದೇ ಮನೆಗೆ ಹೋದ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಸೌಜನ್ಯಳ ಹೆಸರಿರಲಿಲ್ಲ. ಪ್ರಫುಲ್ಲಾಳನ್ನು ಹೊರರೋಗಿ ವಿಭಾಗದಲ್ಲಿ ಚೀಟಿ ಹರಿಯಲು ಕೂರಿಸಿದರು.

ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು ಸೌಜನ್ಯ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತಿದ್ದಳು. ಮೀನಿನ ಬುಟ್ಟಿ ಹೊತ್ತ ಸುಗುಣ ಎದುರಾದಳು. ಬುಟ್ಟಿಯಲ್ಲಿ ಒಂದು ದೊಡ್ಡ ಅಂಜಲ್ ಮೀನು, ಪ್ರೇಮಾನಂದರ ಮನೆಗೆ ಕೊಡಲು.

"ಅವತ್ತ್ ಕಾಲ್ ಎತ್ತದ್ದ್ ನೀವೇ ಅಲ್ದಾ?"

ಸೌಜನ್ಯಳಿಗೆ ಹದಿನೈದು ದಿನದ ಸಿಟ್ಟು ಒಮ್ಮೆಲೇ ಉಕ್ಕಿತು. ಎಲ್ಲ ಹೇಳಿಬಿಟ್ಟಳು. ಬೀಗ ಹಾಕಿದ ಯಂತ್ರ, ಎದೆಯ ಸದ್ದು, ಏರದ ಅಲೆ, ಯಾವ ಮದ್ದು ಯಾರು ಯಾವಾಗ ಕೊಟ್ಟದ್ದು, ಒಂದನ್ನೂ ಬಿಡಲಿಲ್ಲ.

ಸುಗುಣ ಬುಟ್ಟಿ ಕೆಳಗಿಟ್ಟಳು. "ಅಂದ್ರೆ, ಅವ್ರ್ ಬಪ್ಪುಕ್ ಮುಂಚೆಯೇ?"

"ಹೌದ್."

ಸುಗುಣಳ ಮುಖ ಕೆಂಪಾಯಿತು. "ಮತ್ತೆಂತಕೆ ಅವತ್ತೇ ಹೇಳ್ಲಿಲ್ಲ ನೀವ್? ಅವ್ರ್ ಕಾಲಿಗ್ ಬಿದ್ದೆ ನಾನ್! ನೀವ್ ಕಂಡ್ಕಂಡ್ ನಿಂತಿದ್ರಿ!"

ಬ್ರಹ್ಮಾವರದ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಸೌಜನ್ಯ ಹತ್ತಲಿಲ್ಲ. ಸುಗುಣ ಆಗಲೇ ಬುಟ್ಟಿಯೆತ್ತಿಕೊಂಡು, ಪ್ರೇಮಾನಂದರ ಮನೆಯ ದಾರಿ ಬಿಟ್ಟು, ಅವರನ್ನೇ ಕೇಳಲು ಆಸ್ಪತ್ರೆಯ ದಿಕ್ಕಿಗೆ ದಾಪುಗಾಲು ಹಾಕಿದ್ದಳು. ಸೌಜನ್ಯ ಚೀಲವನ್ನು ಹೆಗಲಿಗೇರಿಸಿ ಅವಳ ಹಿಂದೆ ನಡೆದಳು.